ಬರದ ನಾಡಿನ ಕಡಲು

ಹಿರಿಯರೇ, ಅಕ್ಕತಂಗಿಯರೇ, ಕಾಲೇಜಿನ ಮಕ್ಕಳೇ, ಎಲ್ಲರಿಗೂ ನಮಸ್ಕಾರ.

2022ರಲ್ಲಿ ವಾಣಿವಿಲಾಸ ಸಾಗರ ಜಲಾಶಯ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಬುತ್ತಿ ಕಟ್ಟಿಕೊಂಡು ಊರಿಗೆ ಊರೇ ಹೋಯಿತು, ನಾನೂ ಹೋಗಿದ್ದೆ. ಕೋಡಿ ನೀರನ್ನು ಕಣ್ತುಂಬ ನೋಡಿ, ಕಣಿವೆ ಮಾರಮ್ಮನಿಗೆ ಕೈ ಮುಗಿದು ಎಲ್ಲರೂ ವಾಪಸ್ ಬಂದೆವು. ಹಿನ್ನೀರಿನ ದಡದಲ್ಲಿ ಎರಡು ದಿನ ತಂಗಲು ಬರುವವರೂ ಹೀಗೇ ಹೊರಟುಬಿಡುತ್ತಾರೆ. ಆದರೆ ಅಲ್ಲಿಂದ ನಮ್ಮ ಚಿತ್ರದುರ್ಗದ ಕಡೆ ಬರುವಾಗ, ಐಮಂಗಲದ ಹತ್ತಿರ ಮರಡಿಹಳ್ಳಿ ಸಿಗುತ್ತದೆ. ಇನ್ನೂ ಹಳೆಯ ನೀರಿನ ಗುರುತು ಇರುವುದು ಅಲ್ಲಿ.

ಮರಡಿ ಅಂದರೆ ಸಣ್ಣ ಗುಡ್ಡ. ದೂರದಿಂದ ಕಾಣುವುದೂ ಅಷ್ಟೇ. ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತು ನೋಡಬೇಕು. ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದ ಹಾಗೆ ಹಸಿರುಗಪ್ಪು ಕಲ್ಲು. ಪಾಕ ಹದಕ್ಕೆ ಬಂತೇ ಎಂದು ನೋಡಲು ತಾಯಂದಿರು ಕುದಿಯುವ ಬೆಲ್ಲವನ್ನು ತಣ್ಣೀರಿಗೆ ಬಿಡುತ್ತಾರಲ್ಲ, ತಕ್ಷಣ ಉಂಡೆ ಕಟ್ಟುತ್ತದೆ. ಇಲ್ಲಿ ಆದದ್ದೂ ಅದೇ. ಸಮುದ್ರದ ತಳದಲ್ಲಿ ಉಕ್ಕಿದ ಲಾವಾ ನೀರಿಗೆ ತಾಗಿದ ಕೂಡಲೇ ಮೇಲಿನ ಸಿಪ್ಪೆ ಗಟ್ಟಿಯಾಯಿತು. ಒಳಗಿನ ಬಿಸಿ ಅದನ್ನು ಸೀಳಿ ಹೊರಬಂದು ಮತ್ತೊಂದು ದಿಂಬಾಯಿತು. ಮೆತ್ತಗಿದ್ದ ದಿಂಬು ಕೆಳಗಿನ ಎರಡರ ಸಂದಿಗೆ ಇಳಿದು ಕೂತಿತು. ಬೆನ್ನು ಉಬ್ಬು, ಅಡಿ ಚೂಪು. ಆ ಆಕಾರ ನೋಡಿಯೇ ಆಗ ಯಾವ ಕಡೆ ಮೇಲಿತ್ತು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು. ಟ್ಯಾಂಕರ್ ನೀರಿಗೆ ಕಾಯುತ್ತ ಬೆಳೆದ ನಮ್ಮ ನೆಲದ ಮೇಲೆ ಒಂದು ಕಾಲಕ್ಕೆ ಕಡಲಿತ್ತು!

ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಸಾರಿದೆ. ಆದರೂ ಹಿಂದೊಮ್ಮೆ ಹೋದಾಗ ಒಂದು ದಿಂಬಿನ ಅಂಚನ್ನು ಯಾರೋ ಒಡೆದು ಒಯ್ದಿದ್ದರು. ಒಡೆದ ಜಾಗ ಹೊಸ ಗಾಯದ ಹಾಗೆ ಕಾಣುತ್ತಿತ್ತು. ನನಗೆ ಆ ದಿನ ಊಟ ಸೇರಲಿಲ್ಲ.

ಇನ್ನು ಗುಹೆ ನೋಡುವ ಆಸೆ ಇದ್ದರೆ ಊರು ಬಿಟ್ಟು ಹೋಗಬೇಕಾಗಿಲ್ಲ, ದುರ್ಗದಲ್ಲೇ ಚಂದ್ರವಳ್ಳಿ ಇದೆ. ಅಲ್ಲಿನ ಕಲ್ಲು ಬೇರೆ ಜಾತಿ, ಗ್ರಾನೈಟು. ನೆಲದಾಳದಲ್ಲಿ ನಿಧಾನವಾಗಿ ಆರಿದ್ದರಿಂದ ಹರಳುಗಳು ಬರಿಗಣ್ಣಿಗೇ ಕಾಣುತ್ತವೆ. ಬಿರುಕುಗಳಲ್ಲಿ ನೀರಿಳಿದು, ಮೂಲೆಗಳು ಮೊದಲು ಸವೆದು, ಚೌಕ ಬಂಡೆಗಳು ಗುಂಡಾಗಿವೆ. ಸುಣ್ಣಕಲ್ಲು ಕರಗಿ ಆದ ಗುಹೆ ಇದಲ್ಲ. ಹೆಬ್ಬಂಡೆಗಳ ಸಂದಿಯನ್ನು ಮನುಷ್ಯರು ಹಸನು ಮಾಡಿಕೊಂಡದ್ದು. ಅಲ್ಲಿನ ಅಂಕಲಿ ಮಠದ ಗುಹೆಯೊಳಗೆ ಇಳಿದು ಟಾರ್ಚ್ ಆರಿಸಿದರೆ ನಿಮ್ಮ ಕೈ ನಿಮಗೇ ಕಾಣುವುದಿಲ್ಲ. ಗೊತ್ತಿದ್ದವರ ಜೊತೆಯಲ್ಲದೆ ಇಳಿಯಬೇಡಿ. ಹೊರಗೆ ಬಂದರೆ ಕೆರೆ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದನೆಂದು ಅಲ್ಲಿನ ಬಂಡೆಯ ಶಾಸನವೇ ಹೇಳುತ್ತದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಗೆಸಿದ ಜಾಗವೂ ಇದೇ. ರೋಮನ್ ನಾಣ್ಯಗಳೂ ಇಲ್ಲಿ ಸಿಕ್ಕಿವೆ. ಆ ಕಥೆಗೆ ಇನ್ನೊಂದು ಸಂಜೆಯೇ ಬೇಕು.

ಬರುವ ಭಾನುವಾರ ಮರಡಿಹಳ್ಳಿಗೆ ಹೋಗುತ್ತಿದ್ದೇನೆ. ಬರುವವರು ಬೆಳಗ್ಗೆ ಏಳಕ್ಕೆ ಬಸ್ ನಿಲ್ದಾಣದ ಹತ್ತಿರ ಸೇರಿ. ಟೋಪಿ, ನೀರಿನ ಬಾಟಲಿ ಇರಲಿ. ಸುತ್ತಿಗೆ ಬೇಡ.