ಕಿಲ್ಕೆನ್ನಿಯ ಸ್ಟುಡಿಯೋಗೆ ಎಂಥವರು ಬೇಕು?

ಕೇಳುಗರಿಗೆ ನಮಸ್ಕಾರ.

ಚಿತ್ರ ಚೆನ್ನಾಗಿ ಬಿಡಿಸಿದರೆ ಅನಿಮೇಷನ್ ಸ್ಟುಡಿಯೋದಲ್ಲಿ ಕೆಲಸ ಸಿಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದು ಅರ್ಧ ನಿಜ. ಉಳಿದ ಅರ್ಧ ನೋಡೋಕೆ ಇವತ್ತು ಐರ್ಲೆಂಡಿಗೆ ಹೋಗೋಣ.

ಅಲ್ಲಿ ಕಿಲ್ಕೆನ್ನಿ ಅಂತ ಒಂದು ಊರು. ಮೂವತ್ತು ಸಾವಿರ ಜನವೂ ಇಲ್ಲ. 1999ರಲ್ಲಿ ಅಲ್ಲಿ 'ಕಾರ್ಟೂನ್ ಸಲೂನ್' ಅನ್ನುವ ಅನಿಮೇಷನ್ ಸ್ಟುಡಿಯೋ ಶುರುವಾಯಿತು. ಶುರು ಮಾಡಿದವರಲ್ಲಿ ಟಾಮ್ ಮೂರ್, ನೋರಾ ಟೂಮಿ, ಪಾಲ್ ಯಂಗ್ ಮುಖ್ಯರು. ಇವರ ಮೊದಲ ಸಿನಿಮಾ 'ದಿ ಸೀಕ್ರೆಟ್ ಆಫ್ ಕೆಲ್ಸ್' ಬಂದಿದ್ದು 2009ರಲ್ಲಿ. ಹತ್ತು ವರ್ಷ ಹಿಡಿಯಿತು ನೋಡಿ! 2020ರ 'ವುಲ್ಫ್‌ವಾಕರ್ಸ್' ಹೊತ್ತಿಗೆ ನಾಲ್ಕು ಸಿನಿಮಾ ಆಗಿದ್ದವು. ನಾಲ್ಕಕ್ಕೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಗೆದ್ದಿದ್ದು ಒಂದೂ ಇಲ್ಲ, ಅದು ಬೇರೆ ಮಾತು.

ಇವರದು ಕೈಯಲ್ಲಿ ಬಿಡಿಸುವ ಅನಿಮೇಷನ್. ಸ್ವಲ್ಪ ಲೆಕ್ಕ ಹಾಕೋಣ. ತೆರೆಯ ಮೇಲೆ ಸೆಕೆಂಡಿಗೆ 24 ಫ್ರೇಮ್ ಓಡುತ್ತವೆ. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿದರೂ 12 ಚಿತ್ರ ಬೇಕು. ಒಂದೂವರೆ ಗಂಟೆಗೆ 64,800. ಅದೂ ತೆರೆ ಮೇಲೆ ಒಂದೇ ಪಾತ್ರ ಇದ್ದರೆ! ಒಬ್ಬ ಅನಿಮೇಟರ್ ವಾರವಿಡೀ ಕೂತರೆ ಕೆಲವೇ ಸೆಕೆಂಡ್‌ಗಳ ಕೆಲಸ ಮುಗಿಯುತ್ತದೆ.

ಇಷ್ಟು ಜನರನ್ನು ಸಣ್ಣ ಸ್ಟುಡಿಯೋ ಎಲ್ಲಿಂದ ತರುತ್ತದೆ? ಒಂದೇ ಕಡೆಯಿಂದ ತರುವುದಿಲ್ಲ. ಮೊದಲ ಸಿನಿಮಾಕ್ಕೆ ಫ್ರಾನ್ಸ್, ಬೆಲ್ಜಿಯಂ ಕಂಪನಿಗಳು ಜೊತೆಯಾದವು. ಹಂಗೇರಿಯಲ್ಲಿ, ಬ್ರೆಜಿಲ್‌ನಲ್ಲೂ ಕೆಲಸ ನಡೆಯಿತು. 'ವುಲ್ಫ್‌ವಾಕರ್ಸ್'ಗೆ ಲಕ್ಸೆಂಬರ್ಗ್‌ನ ಸ್ಟುಡಿಯೋ ಪಾಲುದಾರ. ಇದಕ್ಕೆ ಕಾರಣ ಬರೀ ಸ್ನೇಹ ಅಲ್ಲ, ದುಡ್ಡು. ಯುರೋಪಿನ ದೇಶಗಳು ಸಿನಿಮಾಕ್ಕೆ ಸರ್ಕಾರಿ ಹಣ ಕೊಡುವಾಗ, ಅದರಲ್ಲಿ ಇಂತಿಷ್ಟು ನಮ್ಮಲ್ಲೇ ಖರ್ಚಾಗಬೇಕು ಅನ್ನುತ್ತವೆ. ಐರ್ಲೆಂಡ್ ತೆರಿಗೆ ರಿಯಾಯಿತಿ ಕೊಡುತ್ತದೆ, ಅದೂ ಅಲ್ಲಿ ಆಗುವ ಖರ್ಚಿಗೆ. ಹಾಗಾಗಿ ಯಾವ ಕೆಲಸ ಯಾವ ದೇಶಕ್ಕೆ ಅನ್ನುವುದು ದುಡ್ಡು ಹೊಂದಿಸುವಾಗಲೇ ಬಹುಪಾಲು ತೀರ್ಮಾನ ಆಗಿರುತ್ತದೆ. ಅರ್ಜಿ ಹಾಕಿದವನಿಗೆ ಇದು ಗೊತ್ತಾಗುವುದೇ ಇಲ್ಲ. ನನಗೆ ಕೈ ಸಾಲದು ಅಂತ ಸುಮ್ನೆ ಕೊರಗುತ್ತಾನೆ, ಪಾಪ.

ಇನ್ನೊಂದು ತಲೆನೋವು ಇದೆ. ಸಿನಿಮಾ ಮುಗಿದ ಮರುದಿನ ಆ ಜನಕ್ಕೆಲ್ಲ ಏನು ಕೆಲಸ? ಹೆಚ್ಚಿನ ಕಡೆ ಕರಾರು ಮುಗಿಯುತ್ತದೆ, ಜನ ಚದುರುತ್ತಾರೆ. ಪಳಗಿದ ಕೈಗಳನ್ನು ಹೀಗೆ ಕಳೆದುಕೊಂಡರೆ ಮುಂದಿನ ಸಿನಿಮಾಕ್ಕೆ ಮತ್ತೆ ಮೊದಲಿನಿಂದ ಕಲಿಸಬೇಕು. ಅದಕ್ಕೇ ಸಣ್ಣ ಸ್ಟುಡಿಯೋಗಳಿಗೆ ಟಿವಿ ಸರಣಿ ಬೇಕು. ಕಿಲ್ಕೆನ್ನಿಯವರು ಚಿಕ್ಕ ಮಕ್ಕಳಿಗೆ 'ಪಫಿನ್ ರಾಕ್' ಮಾಡಿದರು. ಪ್ರಶಸ್ತಿ ತರುವುದು ಸಿನಿಮಾ, ತಿಂಗಳ ಸಂಬಳ ತರುವುದು ಸರಣಿ. ನನಗಂತೂ ಸರಣಿಯ ಬಗ್ಗೆಯೇ ಗೌರವ ಜಾಸ್ತಿ.

ಈಗ ಕೆಲಸಕ್ಕೆ ಆರಿಸುವ ವಿಷಯ. 'ವುಲ್ಫ್‌ವಾಕರ್ಸ್' ನೋಡಿದವರು ನೆನಪಿಸಿಕೊಳ್ಳಿ. ಊರಿನ ಒಳಗೆ ಗೆರೆಗಳೆಲ್ಲ ದಪ್ಪ, ಚೂಪು, ಮರದ ಅಚ್ಚಿನಲ್ಲಿ ಒತ್ತಿದ ಹಾಗೆ. ಕಾಡಿಗೆ ಹೋದರೆ ಗೆರೆ ಸಡಿಲ. ಪೆನ್ಸಿಲ್‌ನ ಕಚ್ಚಾ ಗೆರೆಯನ್ನೂ ಅಳಿಸದೆ ಬಿಟ್ಟಿದ್ದಾರೆ. ಎರಡನ್ನೂ ಹತ್ತಾರು ಜನ ಬಿಡಿಸಿದ್ದಾರೆ, ಆದರೆ ಒಂದೇ ಕೈ ಬಿಡಿಸಿದ ಹಾಗೆ ಕಾಣಬೇಕು. ಅಂದರೆ ಸ್ಟುಡಿಯೋಗೆ ನಿಮ್ಮ ಶೈಲಿಯಷ್ಟೇ ಸಾಲದು. ಇನ್ನೊಬ್ಬರ ಗೆರೆಯನ್ನು ನಿಮ್ಮ ಕೈಗೆ ತಂದುಕೊಳ್ಳಬಲ್ಲಿರಾ ಅನ್ನುವುದೂ ಗೊತ್ತಾಗಬೇಕು. ಸ್ಟುಡಿಯೋಗಳು ಪರೀಕ್ಷೆ ಇಟ್ಟಾಗ ಪಾತ್ರದ ಮಾಡೆಲ್ ಶೀಟ್, ಅಂದರೆ ಪಾತ್ರ ಹೇಗೆ ಕಾಣಬೇಕು ಅಂತ ತೋರಿಸುವ ಮಾದರಿ ಹಾಳೆ ಕೊಟ್ಟು, ಇದನ್ನೇ ನಡೆಸಿ ತೋರಿಸಿ ಅನ್ನುವುದು ಇದಕ್ಕೇ. ಇಲ್ಲಿ ಬೆಂಗಳೂರಿನಲ್ಲಿ ಹೊರದೇಶದ ಸರಣಿಗಳಿಗೆ ದುಡಿಯುವವರಿಗೆ ಈ ಮಾತು ಹೊಸದಲ್ಲ.

ಹಾಗೇ ಶೋರೀಲ್, ಅಂದರೆ ನೀವು ಮಾಡಿದ ಕೆಲಸದ ತುಣುಕುಗಳನ್ನು ಜೋಡಿಸಿದ ವಿಡಿಯೋ. ಎರಡು ನಿಮಿಷ ಮೀರಬಾರದು, ಒಂದೇ ಆದರೂ ಸಾಕು. ಒಳ್ಳೇದನ್ನು ಮೊದಲೇ ಹಾಕಿ, ಕೊನೆಗೆ ಉಳಿಸಬೇಡಿ. ಆರಿಸುವವರು ಮೊದಲ ಕೆಲವು ಸೆಕೆಂಡ್ ನೋಡಿ ಮುಂದಿನದಕ್ಕೆ ಹೋಗಿಬಿಡಬಹುದು. ಗುಂಪಾಗಿ ಮಾಡಿದ ಶಾಟ್ ಆದರೆ ಅದರಲ್ಲಿ ನೀವು ಮಾಡಿದ್ದು ಏನು ಅಂತ ಕೆಳಗೆ ಬರೆಯಿರಿ: ಅನಿಮೇಷನ್ನೋ, ಕಚ್ಚಾ ಗೆರೆಯನ್ನು ಅಚ್ಚುಕಟ್ಟು ಮಾಡುವ ಕ್ಲೀನಪ್ಪೋ, ಹಿನ್ನೆಲೆಯೋ. ಇದು ಸಣ್ಣ ಜಗತ್ತು. ಬೇರೆಯವರ ಕೆಲಸ ತಮ್ಮದು ಅಂತ ತೋರಿಸಿದರೆ ಬೇಗ ಗೊತ್ತಾಗುತ್ತದೆ.

ಚಿತ್ರ ಬಿಡಿಸಲು ಬಾರದವರಿಗೂ ಅಲ್ಲಿ ಒಂದು ಕುರ್ಚಿ ಇದೆ. ಯಾವ ಶಾಟ್ ಯಾರ ಹತ್ತಿರ ಇದೆ, ಯಾವುದು ತಡವಾಗಿದೆ, ಯಾವುದು ತಿದ್ದುಪಡಿಗೆ ವಾಪಸ್ ಬಂದಿದೆ ಅಂತ ಲೆಕ್ಕ ಇಡುವ ಪ್ರೊಡಕ್ಷನ್ ಕೋಆರ್ಡಿನೇಟರ್. ಮೂರು ದೇಶಗಳಲ್ಲಿ ಹಂಚಿಹೋದ ಕೆಲಸದಲ್ಲಿ ಇಂಥವರು ಇಲ್ಲದಿದ್ದರೆ ಒಂದು ವಾರವೂ ನಡೆಯುವುದಿಲ್ಲ. ಆ ಹುದ್ದೆಗೆ ಅರ್ಜಿ ಹಾಕುವವರು ಶೋರೀಲ್ ಕಳಿಸಬೇಕಾಗಿಲ್ಲ.

ನಮಸ್ಕಾರ.