ಗಾಳದ ಗುಂಡು, ಮನೆಯ ಕೂಸು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಂಗಳೂರು, ಉಡುಪಿ ಕಡೆ ಒಂದು ರಜೆ ಸಿಕ್ಕಿದರೆ ಗಾಳ ಹಿಡಿದು ಹೊರಡುವವರು ಜಾಸ್ತಿ. ನೇತ್ರಾವತಿ ದಡ, ಗುರುಪುರ ನದಿ, ಮಲ್ಪೆ ಕಡಲತೀರ, ಎಲ್ಲಿ ಹೋದರೂ ನಾಲ್ಕು ಜನ ನಿಂತಿರುತ್ತಾರೆ. ಕೆಲವರಿಗೆ ಬೀಸು ಬಲೆಯ ಹುಚ್ಚು. ಒಳ್ಳೆಯ ಹವ್ಯಾಸ, ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ಇವತ್ತಿನ ಮಾತು ಗಾಳಕ್ಕೆ, ಬಲೆಯ ಅಂಚಿಗೆ ಕಟ್ಟುವ ಸೀಸದ ಗುಂಡಿನ ಬಗ್ಗೆ. ಅದರಲ್ಲೂ ಮನೆಯಲ್ಲಿ ಕೂಸು ಇರುವವರಿಗೆ.

ಗುಂಡು ಅಂಗಡಿಯಲ್ಲಿ ಸಿಗುತ್ತದೆ. ಆದರೆ ಕಲ್ಲಿನ ಸಂದಿಗೆ ಸಿಕ್ಕಿ ಹರಿದು ಹೋಗುವುದು ಮಾಮೂಲು. ಪ್ರತಿ ಸಲ ಯಾಕೆ ದುಡ್ಡು ಅಂತ ಮನೆಯಲ್ಲೇ ಎರಕ ಹೊಯ್ಯುವವರಿದ್ದಾರೆ. ಟಯರ್ ಅಂಗಡಿಯಿಂದ ತಂದ, ಚಕ್ರದ ಬ್ಯಾಲೆನ್ಸಿಗೆ ಹಾಕುವ ಹಳೆಯ ಸೀಸದ ತುಂಡು, ಹರಿದ ಬಲೆಯ ಗುಂಡು, ಕೆಲವೊಮ್ಮೆ ಒಡೆದ ಬ್ಯಾಟರಿಯ ಸೀಸ. ಬ್ಯಾಟರಿಯದ್ದಂತೂ ಎಲ್ಲಕ್ಕಿಂತ ಕೆಟ್ಟದ್ದು, ಅದರೊಳಗೆ ಆಸಿಡ್ ಕೂಡ ಇರುತ್ತದೆ.

ಕರಗಿಸುವುದು ಎಲ್ಲಿ? ಎಷ್ಟೋ ಸಲ ಬಚ್ಚಲು ಮನೆಯ ಒಲೆಯಲ್ಲಿ. ನಾಲ್ಕು ಗೆರಟೆ ಹಾಕಿದರೆ ಬೆಂಕಿ ಜೋರಾಗಿ ಏಳುತ್ತದೆ, ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ಹಳೆಯ ಸೌಟಿನಲ್ಲಿ ಅದು ಪಳಪಳ ಹೊಳೆಯುತ್ತದೆ. ಮೇಲೆ ಹಾಲಿನ ಕೆನೆಯ ಹಾಗೆ ಬೂದು ಬಣ್ಣದ ಪದರ ಕಟ್ಟುತ್ತದೆ. ಅದನ್ನು ಕಡ್ಡಿಯಲ್ಲಿ ಸರಿಸಿ ಅಲ್ಲೇ ಬದಿಗೆ ಕೊಡವುತ್ತಾರೆ. ಅದು ಆರಿದ ಮೇಲೆ ನಯವಾದ ಸೀಸದ ಪುಡಿ. ಬೆಂಕಿ ಇನ್ನೂ ಜೋರಾದರೆ ಕಣ್ಣಿಗೆ ಬೀಳದ ಹೊಗೆಯೂ ಏಳುತ್ತದೆ. ಅದು ಗೋಡೆ, ಹಂಡೆ, ನೆಲದ ಮೇಲೆಲ್ಲ ಕೂರುತ್ತದೆ.

ಮರುದಿನ ಬೆಳಿಗ್ಗೆ ಅದೇ ಬಚ್ಚಲಲ್ಲಿ ಅಜ್ಜಿ ಕಾಲು ಚಾಚಿ ಕೂತು, ಮಗುವಿಗೆ ಎಣ್ಣೆ ಹಚ್ಚಿ ಮೀಯಿಸುತ್ತಾರೆ. ಎಣ್ಣೆ ಮೈಗೆ ಆ ಪುಡಿ ಅಂಟದೆ ಇರುತ್ತದಾ? ಮಗು ಕೈ ಬಾಯಿಗೆ ಹಾಕದೆ ಇರುತ್ತದಾ? ಒಲೆಯ ಬೂದಿ ಪಾತ್ರೆ ತಿಕ್ಕಲು ಹೋಗುತ್ತದೆ, ಬಸಳೆ ಬುಡಕ್ಕೆ ಹೋಗುತ್ತದೆ. ಇದನ್ನು ನೆನೆಸಿಕೊಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಆ ಮನೆಯಲ್ಲಿ ಮಗು ಅಂದರೆ ಎಲ್ಲರಿಗೂ ಪ್ರಾಣ, ಆದರೆ ಯಾರೂ ಅವರಿಗೆ ಇದನ್ನು ಹೇಳಿಲ್ಲ.

ನುಂಗಿದ ಸೀಸವನ್ನು ಸಣ್ಣ ಮಕ್ಕಳ ಮೈ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಹೀರಿಕೊಳ್ಳಬಹುದು. ಬೆಳೆಯುತ್ತಿರುವ ಮಿದುಳಿಗೇ ಪೆಟ್ಟು ಬೀಳುತ್ತದೆ. ಕಲಿಯುವ ಶಕ್ತಿ, ಗಮನ ಕುಂದಿದರೆ ಮತ್ತೆ ಸರಿಪಡಿಸುವುದು ಕಷ್ಟ. ಮೈಯಲ್ಲಿ ಇಷ್ಟು ಸೀಸ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಯ ಮೈ ಸೇರಿದ ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ.

ಹಾಗಾಗಿ ಒಂದು ವಿಷಯದಲ್ಲಿ ನಾನು ರಾಜಿ ಆಗುವುದಿಲ್ಲ. ಮಗು ಅಥವಾ ಬಸುರಿ ಇರುವ ಮನೆಯಲ್ಲಿ ಸೀಸ ಕರಗಿಸಲೇಬೇಡಿ. ಬಚ್ಚಲಲ್ಲೂ ಬೇಡ, ಹಿತ್ತಿಲಲ್ಲೂ ಬೇಡ. ಗಾಳಕ್ಕೆ ಕಬ್ಬಿಣದ ನಟ್ಟು ಕಟ್ಟಿ ನೋಡಿ. ಬ್ರಿಟನ್ನಿನಲ್ಲಿ ಸೀಸದ ಗುಂಡು ನುಂಗಿ ಹಂಸಗಳು ಸಾಯುತ್ತಿದ್ದವು. ಅದಕ್ಕೇ ಅಲ್ಲಿ 28 ಗ್ರಾಂಗಿಂತ ಹಗುರದ ಹೆಚ್ಚಿನ ಗುಂಡುಗಳ ಮಾರಾಟವನ್ನು 1987ರಲ್ಲೇ ನಿಲ್ಲಿಸಿದರು. ಗಾಳ ಹಾಕುವವರು ಗಾಳ ಹಾಕುತ್ತಲೇ ಇದ್ದಾರೆ.

ಕರಗಿಸದವರೂ ಸ್ವಲ್ಪ ಕೇಳಿ. ಸಣ್ಣ ಸೀಳು ಗುಂಡನ್ನು ಹಲ್ಲಲ್ಲಿ ಕಚ್ಚಿ ದಾರಕ್ಕೆ ಅಮುಕುವ ಅಭ್ಯಾಸ ತುಂಬಾ ಜನರಿಗಿದೆ. ಅದೇ ಬಾಯಲ್ಲಿ ಮನೆಗೆ ಬಂದು ಮಗುವಿಗೆ ಮುತ್ತು ಕೊಡುತ್ತಾರೆ. ಇಕ್ಕಳ ಬಳಸಿ. ಮಗುವನ್ನು ಎತ್ತಿಕೊಳ್ಳುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ, ಸ್ಯಾನಿಟೈಸರಿಗೆ ಸೀಸ ಹೋಗುವುದಿಲ್ಲ. ಹೆಗಲ ಮೇಲಿನ ಬೈರಾಸನ್ನು ಮಗು ಚೀಪುತ್ತದೆ, ಅಲ್ವಾ? ಗಾಳಕ್ಕೆ ಹೋದ ಬೈರಾಸು, ಲುಂಗಿ ಬೇರೆಯೇ ಒಗೆಯಿರಿ, ಮಗುವಿನ ಬಟ್ಟೆಯ ಜೊತೆ ಬೇಡ. ಗಾಳದ ಡಬ್ಬಿಯನ್ನು ಮಗು ಅಂಬೆಗಾಲಿಡುವ ಸಿಟೌಟಿನಲ್ಲಿ ಇಡಬೇಡಿ, ಹೊರಗೆ ಎತ್ತರದಲ್ಲಿಡಿ. ಗುಂಡು ಬಿಡಿಸಿದ ಜಾಗವನ್ನು ಹಿಡಿಸೂಡಿಯಲ್ಲಿ ಗುಡಿಸಿದರೆ ಪುಡಿ ಮೇಲೇಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ.

ಈಗಾಗಲೇ ಮನೆಯಲ್ಲಿ ಕರಗಿಸಿ ಆಗಿದ್ದರೆ ಗಾಬರಿ ಬೇಡ, ಆದರೆ ಸುಮ್ನೆ ಕೂರಬೇಡಿ. ಮಗು ಆಡಿಕೊಂಡಿದ್ದರೂ ಒಳಗೆ ಸೀಸ ಇರಬಹುದು, ರಕ್ತ ಪರೀಕ್ಷೆ ಮಾಡದೆ ಗೊತ್ತಾಗುವುದಿಲ್ಲ. ಒಂದು ಡೆಸಿಲೀಟರ್ ರಕ್ತದಲ್ಲಿ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು. ಕಬ್ಬಿಣದ ಅಂಶ, ಕ್ಯಾಲ್ಸಿಯಂ ಕಡಿಮೆ ಇರುವ ಮೈ ಸೀಸವನ್ನು ಜಾಸ್ತಿ ಹೀರುತ್ತದೆ. ಆರು ತಿಂಗಳು ದಾಟಿದ ಮಗುವಿಗೆ ರಾಗಿ ಮಣ್ಣಿ ಕೊಡುವುದು ಒಳ್ಳೆಯದೇ, ಆದರೆ ಅದೊಂದೇ ಮದ್ದು ಅಂದುಕೊಳ್ಳಬೇಡಿ. ಮಕ್ಕಳ ಡಾಕ್ಟರ ಹತ್ತಿರ ಹೋದಾಗ ಅವರು ಗಾಳದ ಬಗ್ಗೆ ಕೇಳಲಿಕ್ಕಿಲ್ಲ. “ಡಾಕ್ಟರೇ, ನಮ್ಮ ಮನೆಯಲ್ಲಿ ಸೀಸ ಕರಗಿಸಿದ್ದೇವೆ, ಮಗುವಿನ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ನೋಡಬೇಕಿತ್ತು” ಅಂತ ನೀವೇ ಬಾಯಿಬಿಟ್ಟು ಹೇಳಿ.

ನಮಸ್ಕಾರ.