ಅಡುಗೆಯೊಳಗಿನ 'ಅಡು'

ಕೇಳುಗರಿಗೆ ನಮಸ್ಕಾರ.

'ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.' ಈ ಗಾದೆ ನಿಮಗೂ ಗೊತ್ತಿರುತ್ತೆ. ಚಿಕ್ಕವನಿದ್ದಾಗ ನಾನು ಇದನ್ನು 'ಅಟ್ಟದ ಮೇಲೆ ಒಲೆ ಉರಿಯಿತು' ಅಂತಲೇ ಕೇಳಿಸಿಕೊಂಡಿದ್ದೆ. ಅಟ್ಟ ಅಂದರೆ ಹಳೆ ಪಾತ್ರೆ, ಹರಿದ ಚಾಪೆ ತುಂಬಿಡುವ ಜಾಗ. ಅಲ್ಲಿ ಹೋಗಿ ಒಲೆ ಹಚ್ಚಿದವರು ಯಾರು, ಮನೆಗೆ ಬೆಂಕಿ ಬೀಳಲಿಲ್ಲವಾ ಅಂತ ನನಗೆ ಯೋಚನೆ.

ಒಂದು ದಿನ ಅಜ್ಜಿಯನ್ನೇ ಕೇಳಿದೆ. ಅಜ್ಜಿ ಒಲೆ ಮುಂದೆ ಕೂತು ಊದುಕೊಳವೆಯಲ್ಲಿ ಊದುತ್ತಿದ್ದಳು. ಹಸಿ ಸೌದೆ. ಉರಿಗಿಂತ ಹೊಗೆಯೇ ಜಾಸ್ತಿ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕಳು. "ಆ ಅಟ್ಟ ಅಲ್ಲ ಕಣೋ. ಅಟ್ಟ ಮೇಲೆ ಅಂದ್ರೆ ಬೇಯಿಸಿ ಆದ ಮೇಲೆ. ನೋಡ್ತಿರು, ಅನ್ನ ಇಳಿಸಿದ ಮೇಲೆ ಈ ಸೌದೆ ಹೆಂಗೆ ಧಗಧಗ ಅನ್ನುತ್ತೆ ಅಂತ." ಅನ್ನ ಇಳಿಸಿದ್ದೇ ತಡ, ಹಾಗೇ ಆಯಿತು.

'ಅಡು' ಅಂದರೆ ಬೇಯಿಸು. ಇಡು ಇಟ್ಟು ಆದ ಹಾಗೆ, ಸುಡು ಸುಟ್ಟು ಆದ ಹಾಗೆ, ಕೆಡು ಕೆಟ್ಟು ಆದ ಹಾಗೆ, ಅಡು ಅಟ್ಟು ಆಗುತ್ತೆ. ಅದಕ್ಕೇ ಗಾದೆಯಲ್ಲಿ ಅಟ್ಟ, ಕೆಟ್ಟ ಎರಡೂ ಜೋಡಿ ಎತ್ತಿನ ಹಾಗೆ ಕೂತಿವೆ. ಇನ್ನು ಉಡುವುದು ಉಡುಗೆ, ತೊಡುವುದು ತೊಡುಗೆ, ಕೊಡುವುದು ಕೊಡುಗೆ. ಅಡುವುದು ಅಡುಗೆ.

ಇಲ್ಲೊಂದು ತಮಾಷೆ ಇದೆ. ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಸಾಲ ಕೊಡುತ್ತೇವೆ. ಆದರೆ 'ನಾನು ಅನ್ನ ಅಡುತ್ತೇನೆ' ಅಂತ ಇವತ್ತು ಯಾರಾದರೂ ಅಂದರೆ ಮಿಕ್ಕವರು ಮುಖ ಮುಖ ನೋಡಿಕೊಳ್ಳುತ್ತಾರೆ. ಬೇರು ಒಣಗಿತು, ಕೊಂಬೆ ಮಾತ್ರ ಹಸಿರಾಗಿದೆ. 'ಮಾಡು' ಅನ್ನುವ ಊರುಗೋಲು ಕೊಟ್ಟು 'ಅಡುಗೆ ಮಾಡು' ಅನ್ನುತ್ತೇವೆ. ಹುರಿ, ಕರಿ, ಕುದಿಸು, ಬಾಡಿಸು, ಹಬೆಯಲ್ಲಿ ಬೇಯಿಸು, ಒಂದೊಂದು ಕೆಲಸಕ್ಕೂ ಬೇರೆ ಬೇರೆ ಮಾತುಂಟು. ಎಲ್ಲವನ್ನೂ ಒಟ್ಟಿಗೆ ಹೇಳುತ್ತಿದ್ದ ಎರಡಕ್ಷರದ ಮಾತನ್ನೇ ಕೈಬಿಟ್ಟಿದ್ದೇವೆ. ಕಿಟೆಲ್ ಅವರ 1894ರ ನಿಘಂಟಿನಲ್ಲಿ ಹುಡುಕಿದರೆ ಸಿಗುತ್ತೆ.

ಅಕ್ಕಪಕ್ಕದ ಭಾಷೆಗಳಲ್ಲೂ ಇದರ ನೆಂಟರಿದ್ದಾರೆ. ತಮಿಳಿನಲ್ಲಿ ಒಲೆಗೆ 'ಅಡುಪ್ಪು' ಅನ್ನುತ್ತಾರೆ. ಮಲಯಾಳದಲ್ಲಿ ಅಡುಗೆಮನೆ 'ಅಡುಕ್ಕಳ'. ತುಳುವಿನಲ್ಲಿ ಅಡುಗೆಗೆ 'ಅಟಿಲ್'. ತೆಲುಗಿನವರ 'ವಂಟ' ಮಾತ್ರ ಬೇರೆ ಮನೆತನದ್ದು.

ನಮ್ಮಲ್ಲೇ ಅಡಗಿ ಕೂತಿರುವ ಇನ್ನೊಬ್ಬಳು ಅಡುಗೂಲಜ್ಜಿ. ಬರೀ ಕಾಗಕ್ಕ ಗುಬ್ಬಕ್ಕನ ಕಥೆ ಹೇಳುವ ಮುದುಕಿ ಅಂದುಕೊಂಡಿರುತ್ತೇವೆ, ಅಲ್ವಾ? ಹೆಸರನ್ನು ಸುಮ್ನೆ ಬಿಡಿಸಿ ನೋಡಿ. ಅಡು, ಕೂಳು, ಅಜ್ಜಿ. ಕೂಳು ಅಂದರೆ ಅನ್ನ. ಕೂಳು ಅಡುವ ಅಜ್ಜಿ. ಹಳೆ ಕಥೆಗಳಲ್ಲಿ ದೇಶ ಸುತ್ತುವ ರಾಜಕುಮಾರ ಕತ್ತಲಾದಾಗ ಹೋಗಿ ಇಳಿದುಕೊಳ್ಳುವುದು ಇವಳ ಮನೆಯಲ್ಲೇ. ಬಂದವರಿಗೆ ಬೇಯಿಸಿ ಹಾಕುವುದೇ ಅವಳ ಕೆಲಸ. ಪಾಪ, ಅವಳ ಹೆಸರಿನಲ್ಲಿರುವ ಕೂಳಿಗೂ ಕಾಲ ಕೆಟ್ಟಿತು. 'ಕೂಳಿಗೆ ದಂಡ, ಭೂಮಿಗೆ ಭಾರ' ಅಂತ ಬೈಗುಳಕ್ಕೆ ಇಳಿಯಿತು. ಅಡು ಮರೆತೇಹೋಯಿತು, ಕೂಳು ಮರ್ಯಾದೆ ಕಳೆದುಕೊಂಡಿತು.

ಸಂಸ್ಕೃತದಿಂದ ಬಂದ 'ಪಾಕ'ವೂ ಅಡುಗೆಯೇ. ನಳಪಾಕ ಅನ್ನುತ್ತೇವಲ್ಲ. ಆದರೆ ಮನೆಯಲ್ಲಿ ಪಾಕ ಅಂದರೆ ಬೆಲ್ಲದ್ದೋ ಸಕ್ಕರೆಯದ್ದೋ, ಬೆರಳ ನಡುವೆ ಎಳೆ ಬರುವಂಥದ್ದು. ಬೆಂದದ್ದು, ಹಣ್ಣಾದದ್ದು 'ಪಕ್ವ'. ಅದೇ ಹಿಂದಿಯಲ್ಲಿ 'ಪಕ್ಕಾ' ಆಗಿ ನಮ್ಮ ಬಾಯಿಗೂ ಬಂತು. 'ನಾಳೆ ಪಕ್ಕಾ ಬರ್ತೀನಿ' ಅನ್ನುವವರು ತಮ್ಮ ಮಾತು ಚೆನ್ನಾಗಿ ಬೆಂದಿದೆ ಅನ್ನುತ್ತಿದ್ದಾರೆ. ಎಷ್ಟೋ ಸಲ ಅದು ಅರೆಬೆಂದಿರುತ್ತೆ, ಆ ಮಾತು ಬೇರೆ.

ಈಗ ಅಡುಗೆ ಅನ್ನುವುದು ಕೆಲಸವೂ ಹೌದು, ಪಾತ್ರೆಯಲ್ಲಿರುವ ಪದಾರ್ಥವೂ ಹೌದು. 'ಅಡುಗೆ ಆಯ್ತಾ' ಅಂದರೆ ಕೆಲಸ. 'ಅಡುಗೆ ಆರಿಹೋಗುತ್ತೆ, ಬೇಗ ಬನ್ನಿ' ಅಂದರೆ ಪದಾರ್ಥ. 'ಅವರ ಕೈ ಅಡುಗೆ' ಅಂದಾಗ ರುಚಿ. ಪತ್ರಿಕೆಯವರು ಬರೆಯುವ 'ಅಡುಗೆ ಅನಿಲ' ಮಾತ್ರ ಪತ್ರಿಕೆಯಿಂದ ಆಚೆಗೆ ಬಂದಿಲ್ಲ. ಒಲೆ ತಟ್ಟನೆ ಆರಿದಾಗ 'ಅಯ್ಯೋ, ಗ್ಯಾಸ್ ಖಾಲಿ' ಅಂತಲೇ ಕೂಗುತ್ತೇವೆ.

ಅಡಿಗೆ ಸರಿಯೋ ಅಡುಗೆ ಸರಿಯೋ ಅಂತ ಆಗಾಗ ಜಗಳ ಬರುತ್ತೆ. ಎರಡೂ ಬಳಕೆಯಲ್ಲಿವೆ. ಮಾತಾಡುವಾಗ ನನ್ನ ಬಾಯಲ್ಲೂ 'ಅಡಿಗೆ' ಅಂತಲೇ ಬಂದುಬಿಡುತ್ತೆ. ಬರೆಯುವಾಗ ಮಾತ್ರ ಆ ಕೊಂಬು ಬಿಡುವುದಿಲ್ಲ. 'ಅಡು' ಕಣ್ಣಿಗೆ ಬೀಳುವುದು ಅಲ್ಲಿ ತಾನೇ.

ನಮಸ್ಕಾರ.